ಬೆಟ್ಟದ ಮೇಲೆ ಎಲ್ಲಿ ಉಣ್ಣುವುದು

ಏರ್ಕಾಡಿಗೆ ಹೋಗುವವರು ನನ್ನನ್ನು ಕೇಳುತ್ತಾರೆ, ಅಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ ಅಂತ. ಹರೆಯದಲ್ಲಿ ನಾನು ಒಂದು ಬೇಸಗೆ ಆ ಬೆಟ್ಟದ ಮೇಲಿದ್ದೆ ಎನ್ನುವುದು ನಮ್ಮ ಬೀದಿಗೆಲ್ಲ ಗೊತ್ತು. ತಂಪು ಗಾಳಿಯಂತೆ, ಕಾಫಿ ತೋಟವಂತೆ, ಕೆರೆಯಂತೆ ಎಂದು ಅವರೇ ಹೇಳಿಕೊಂಡು ಅವರೇ ಹಿಗ್ಗುತ್ತಾರೆ. ನನಗೆ ಆ ಬೆಟ್ಟದ ಹೆಸರು ಕಿವಿಗೆ ಬಿದ್ದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ತೀರಿಕೊಂಡು ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಮಾತ್ರ ತೀರಿಲ್ಲ.

ಊಟದ ಜಾಗಗಳಿಗೆ ಆಗ ಅಲ್ಲಿ ಕೊರತೆಯೇನೂ ಇರಲಿಲ್ಲ. ಬಿಳಿ ದೊರೆಗಳಿಗೆ ಅವರ ಕ್ಲಬ್ಬಿತ್ತು. ಅದರ ಹುಲ್ಲಿನ ಮೇಲೆ ನಮ್ಮ ಕಡೆಯವರು ಕಾಲಿಡಬೇಕಾದರೆ ಕೈಯಲ್ಲಿ ಬಡಿಸುವ ತಟ್ಟೆ ಇರಬೇಕಿತ್ತು. ಪೇಟೆಯಲ್ಲಿ ಅಯ್ಯರ್ ಹೋಟೆಲ್ ಇತ್ತು. ಒಳಕೋಣೆ ಬ್ರಾಹ್ಮಣರಿಗೆ, ಹೊರಗಿನ ಜಗಲಿ ಮಿಕ್ಕವರಿಗೆ, ಕೆಲವರಿಗೆ ಜಗಲಿಯೂ ಇಲ್ಲ, ಬೀದಿಯಲ್ಲೇ ನಿಂತು ಕೈಯೊಡ್ಡಬೇಕು. ಬಸ್ಸು ನಿಲ್ಲುವಲ್ಲಿ ಒಂದು ಟೀ ಅಂಗಡಿ. ತೋಟದ ಕೂಲಿಯವರಿಗೆ ಅವರವರ ಸಾಲುಮನೆಯ ಒಲೆ. ಇಷ್ಟರಲ್ಲಿ ಒಂದು ಕಡೆಯೂ ನನ್ನಂಥ ಹೆಂಗಸೊಬ್ಬಳು ಹೋಗಿ ಕೂತು ಉಣ್ಣುವ ಹಾಗಿರಲಿಲ್ಲ. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ಹಾಕುವ ಅಗತ್ಯವೇ ಬಿದ್ದಿರಲಿಲ್ಲ.

ನಮ್ಮದು ಸೇಲಂನ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ನಮ್ಮ ಗಂಡಸರು ಜನಿವಾರ ಹಾಕುತ್ತಾರೆ. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ, ಬೇರೆಯವರು ಬೇಯಿಸಿದ ಅನ್ನ ಉಣ್ಣುವುದಿಲ್ಲ. ಬ್ರಾಹ್ಮಣರಿಗಿಂತ ನಾವೇನು ಕಡಿಮೆ ಎಂದು ಮಗ್ಗದ ಗುಂಡಿಯಲ್ಲಿ ಕೂತು ವಾದ ಮಾಡುವುದು ನಮ್ಮವರಿಗೆ ದಿನದ ಕೆಲಸ. ಬ್ರಾಹ್ಮಣರು ಅದನ್ನು ಒಪ್ಪಿದ್ದನ್ನು ನಾನಂತೂ ಕಾಣೆ.

ನನ್ನ ಗಂಡ ಒಳ್ಳೆಯ ನೇಕಾರರು, ಅದನ್ನು ಇಲ್ಲವೆನ್ನುವುದಿಲ್ಲ. ಬೇಸಗೆಯಲ್ಲಿ ದೊರೆಗಳು ಬೆಟ್ಟ ಹತ್ತಿದಾಗ ಬಂಗಲೆಗಳ ಕಿಟಕಿ ಪರದೆಗೆ, ಮೇಜಿನ ಬಟ್ಟೆಗೆ ಅಳತೆ ತೆಗೆಯುವುದಕ್ಕೂ, ಹರಿದಲ್ಲಿ ನೂಲಿಗೆ ನೂಲು ಕೂಡಿಸಿ ಸರಿಮಾಡುವುದಕ್ಕೂ ಜವಳಿ ಸಾಹುಕಾರರು ಅವರನ್ನು ಕಳಿಸಿದರು. ಅತ್ತೆಗೆ ಮಗನ ಕೆಲಸದ ಚಿಂತೆಯಿಲ್ಲ, ಮಗನ ಬಾಯಿಯ ಚಿಂತೆ.

"ನೀನೂ ಓಗು ಲೇ. ಅವುನ್ಗೆ ಬೇಯ್ಸಾಕು. ನನ್ ಮಗ ಓಟ್ಲು ನೀರು ಮುಟ್‌ಬಾರ್ದು" ಅಂದರು.

ಹೀಗೆ ಅವರ ಜನಿವಾರ ಕಾಯುವುದಕ್ಕೆ ರಾಗಿ ಹಿಟ್ಟಿನ ಮೂಟೆ ಕಟ್ಟಿಕೊಂಡು ನಾನೂ ಬಸ್ಸು ಹತ್ತಿದೆ. ಆಗ ನಾನು ಬಸುರಿ. ಅದಕ್ಕೆ ಹಿಂದಿನದು ಹೊಟ್ಟೆಯಲ್ಲಿ ನಿಂತಿರಲಿಲ್ಲ. ಹೊರಡುವ ಮುಂಚೆ ನಮ್ಮ ಬೀದಿಯ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಒಟ್ಟೆ ಕಾಲಿ ಬಿಡ್‌ಬೇಡ ಕಣಮ್ಮಾ. ಒತ್ತೊತ್ತಿಗೆ ಉಣ್ಣು. ಇಲ್ಲಾಂದ್ರೆ ಇದೂ ನಿಲ್ಲಾಕಿಲ್ಲ" ಅಂದಿದ್ದಳು. ಅತ್ತೆ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದರು. ಆದರೆ ಗಂಡ ಉಣ್ಣುವ ಮುಂಚೆ ಹೆಂಡತಿ ಉಣ್ಣಬಾರದು ಎನ್ನುವುದೂ ಅದೇ ಮನೆಯ ಮಾತು, ಅದನ್ನು ಯಾರೂ ವಾಪಸ್ಸು ತೆಗೆದುಕೊಳ್ಳಲಿಲ್ಲ. ಗಂಡ ಹೊತ್ತಿಗೆ ಸರಿಯಾಗಿ ಬಂದರೆ ಎರಡೂ ನಡೆಯುತ್ತದಲ್ಲ ಎಂದುಕೊಂಡೆ.

ಕೆರೆಯಿಂದ ಮೇಲಕ್ಕೆ ಹೋಗುವ ಬಂಗಲೆಗಳ ಸಾಲಿನಲ್ಲಿ ಒಂದು ಬಂಗಲೆಯ ಹಿತ್ತಿಲಲ್ಲಿ, ಮುಂಚೆ ಕುದುರೆ ಕಟ್ಟುತ್ತಿದ್ದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಒಂದು ಬಂಗಲೆಯಿಂದ ಇನ್ನೊಂದು ಕಾಣುವುದಿಲ್ಲ. ನಡುವೆ ಸಿಲ್ವರ್ ಓಕ್ ಮರ, ಬೇಲಿ, ಹೂವಿನ ಗಿಡ. ಮನುಷ್ಯರ ದನಿಯಿಲ್ಲ. ಅದನ್ನೇ ದೊರೆಗಳು ಶಾಂತಿ ಅನ್ನುತ್ತಿದ್ದರಂತೆ. ಮಗ್ಗದ ಸದ್ದಿನ ನಡುವೆ ಹುಟ್ಟಿ ಬೆಳೆದ ನನಗೆ ಅದು ಸೂತಕದ ಮನೆ. ಒಲೆಗೆ ಒದ್ದೆ ಸೌದೆ, ಕಣ್ಣಿಗೆ ಹೊಗೆ, ಬೆನ್ನಿಗೆ ಚಳಿ. ಬಂಗಲೆಯ ನಾಯಿಗೆ ಮಾತ್ರ ಹೊತ್ತು ತಪ್ಪದೆ ಊಟ. ಬಟ್ಲರ್ ತಟ್ಟೆ ತಂದಿಟ್ಟು ಮುದ್ದಾಗಿ ಕರೆಯುತ್ತಿದ್ದ. ಆ ನಾಯಿಯನ್ನು ಕಂಡು ನಾನು ಪಟ್ಟಷ್ಟು ಹೊಟ್ಟೆಕಿಚ್ಚನ್ನು ಯಾವ ಮನುಷ್ಯರನ್ನು ಕಂಡೂ ಪಟ್ಟಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟು ಬಾಗಿಲಲ್ಲಿ ಕೂರುತ್ತಿದ್ದೆ. ನಮ್ಮವರು ಬರುವಷ್ಟರಲ್ಲಿ ಬಿಸಿಲು ಬಂಗಲೆಯ ಹೆಂಚು ದಾಟಿ ಆಚೆ ಇಳಿದಿರುತ್ತಿತ್ತು. ಬಂದವರು ಅರ್ಧ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಪಕ್ಕಕ್ಕೆ ಸರಿಸುತ್ತಿದ್ದರು. "ಸಾರು ಸಪ್ಪೆ ಐತೆ" ಅನ್ನುವರು. ಇಷ್ಟು ತಡವೇಕೆ ಅಂದರೆ, "ದೊರೆಸಾನಿ ಬಿಡ್‌ಬೇಕಲ್ಲಾ" ಅನ್ನುವರು. ದುಡಿದು ದುಡಿದು ಹಸಿವೇ ಸತ್ತುಹೋಗಿದೆ ಪಾಪ ಎಂದು ನಾನು ಮರುಗುತ್ತಿದ್ದೆ! ಅಷ್ಟು ಹೊತ್ತಿಗೆ ನನಗೆ ತಲೆ ತಿರುಗಿ, ಬರೀ ಪಿತ್ತ ವಾಂತಿಯಾಗಿ, ಮುದ್ದೆ ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಸೀರೆಗೆ ರಕ್ತದ ಕಲೆ ಕಂಡಿತು. ಹೆದರಿ ಅವರಿಗೆ ಹೇಳಿದೆ, ನಾಳೆಯಾದರೂ ಬೇಗ ಬನ್ನಿ ಎಂದೆ. "ದ್ಯಾವ್ರ ಮ್ಯಾಲೆ ಬಾರ ಆಕು" ಎಂದು ಮಗ್ಗುಲಾದರು.

ಮರುದಿನವೂ ಅವರು ಹೊತ್ತಿಗೆ ಬರಲಿಲ್ಲ. ಗೋಡೆ ಹಿಡಿದು ಕೂತಿದ್ದೆ. ಬಂಗಲೆಗಳಿಗೂ ಹೋಟೆಲಿಗೂ ಸೊಪ್ಪು ಹಾಕುವ ಹೆಂಗಸೊಬ್ಬಳು ದಿನವೂ ಆ ದಾರಿಯಲ್ಲಿ ಬರುತ್ತಿದ್ದಳು. ಅದಿಯಮಾನ್‌ಕೋಟೆ ಕಡೆಯ ಒಕ್ಕಲು ಮನೆಯವಳು, ಬೆಟ್ಟದಲ್ಲಿ ನನ್ನೊಡನೆ ಕನ್ನಡ ಆಡುವ ಒಬ್ಬಳೇ ಒಬ್ಬಳು. ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು.

"ಉಂಡ್ಯಾ ತಂಗಿ?"

"ಇಲ್ಲಕ್ಕಾ, ನಮ್ಮೋರು ಇನ್ನೂ ಬಂದಿಲ್ಲ."

"ಅವ್ರು ಉಣ್ಣಾಕೆ ಇಲ್ಲಿಗ್ಯಾಕೆ ಬತ್ತಾರೆ? ದಿನಾ ಅಯ್ಯರ್ ಓಟ್ಲು ಒಳಗೆ ಎಲೆ ಮುಂದೆ ಕೂತಿರ್ತಾರಲ್ಲಾ. ನಿನ್ಗೆ ಗೊತ್ತಿಲ್ವಾ?"

ನಾನು ಸುಳ್ಳು ಎಂದು ಅವಳ ಮೇಲೇ ಹರಿಹಾಯ್ದೆ. ನಮ್ಮವರು ಹೊರಗೆ ನೀರೂ ಮುಟ್ಟುವವರಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ, "ಬಾ, ನೀನೇ ನೋಡೀವಂತೆ" ಎಂದು ಬುಟ್ಟಿ ಹೊತ್ತಳು. ಮಾಡಿದ ಅಡುಗೆಗೆ ಮುಚ್ಚಳ ಹಾಕಿ ಅವಳ ಹಿಂದೆ ಬೆಟ್ಟದ ದಾರಿ ಇಳಿದೆ.

ಸೊಪ್ಪಿನವಳು ಹೋಟೆಲಿನ ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದಳು. ಅಡುಗೆಮನೆಯ ಆಚೆಗೆ ಒಳಕೋಣೆ ಪೂರ್ತಿ ಕಾಣುತ್ತಿತ್ತು. ಅಲ್ಲಿ ಅಂಗಿ ತೆಗೆದು ಕೂರುವ ಪದ್ಧತಿ. ಮೈಮೇಲೆ ಜನಿವಾರ ಕಂಡರೆ ಮತ್ತೆ ಯಾರೂ ಕುಲ ಕೇಳುವುದಿಲ್ಲ. ಕಂಬದ ಪಕ್ಕದಲ್ಲಿ ನಮ್ಮವರು ಬರೀ ಮೈಯಲ್ಲಿ ಕೂತಿದ್ದರು. ಅತ್ತೆ ಕಾಯಲು ಕಳಿಸಿದ ಜನಿವಾರವನ್ನೇ ತೋರಿಸಿ ಒಳಗೆ ಜಾಗ ಗಿಟ್ಟಿಸಿದ್ದರು. ಎಲೆಯಲ್ಲಿ ಅನ್ನ, ತುಪ್ಪ, ಪಲ್ಯ, ಹಪ್ಪಳ. ಅಯ್ಯರ ಹಾಗೇ ರಾಗ ಎಳೆದು ತಮಿಳಿನಲ್ಲಿ, ಇನ್ನೂ ಸ್ವಲ್ಪ ಹಾಕಿ ಅನ್ನುತ್ತಿದ್ದರು. ಆ ತುಪ್ಪದ ವಾಸನೆ ಹಿತ್ತಲ ಬಾಗಿಲಿನವರೆಗೂ ಬರುತ್ತಿತ್ತು.

ಹೋಟೆಲಿನ ಯಜಮಾನರು ನನ್ನನ್ನು ಕಂಡು, ಇಲ್ಲೇಕೆ ನಿಂತಿದ್ದೀಯೆ ಎಂದು ಗದರಿದರು. ಕಂಬದ ಪಕ್ಕ ಕೂತಿರುವವರು ನನ್ನ ಯಜಮಾನರು ಎಂದೆ. ಹೋಟೆಲಿನವರು ನನ್ನ ಮಾಸಿದ ಸೀರೆಯನ್ನೂ, ಪಕ್ಕದ ಸೊಪ್ಪಿನ ಬುಟ್ಟಿಯನ್ನೂ ನೋಡಿ ನಮ್ಮವರ ಕಡೆ ತಿರುಗಿದರು.

"ಸಾಮಿ, ಇಂದ ಅಮ್ಮಾವೈ ಉಂಗಳುಕ್ಕು ತೆರಿಯುಮಾ?" ಈಕೆ ನಿಮಗೆ ಗೊತ್ತೇ ಎಂದು ಕೇಳಿದರು.

ನಮ್ಮವರು ತಲೆಯೆತ್ತಿದರು. ನನ್ನ ಮುಖ ನೋಡಿದರು, ನೋಡಲಿಲ್ಲ ಅನ್ನುವ ಹಾಗಿಲ್ಲ. ಹೌದು ಅಂದರೆ ನನ್ನ ಉಡುಗೆಯಿಂದಲೇ ಬ್ರಾಹ್ಮಣನಲ್ಲ, ನೇಕಾರನೆಂದು ಗೊತ್ತಾಗುತ್ತದೆ, ಅರ್ಧ ಊಟದಲ್ಲಿ ಎಲೆಯ ಮುಂದಿನಿಂದ ಏಳಿಸುತ್ತಾರೆ, ಪೇಟೆಯೆಲ್ಲ ನಗುತ್ತದೆ. ಅದು ನನಗೂ ಆ ಕ್ಷಣವೇ ಹೊಳೆಯಿತು. ಆದರೂ ಕಾದೆ.

"ತೆರಿಯಾದು" ಅಂದರು. ಗೊತ್ತಿಲ್ಲ ಅಂತ. ಅಂದು, ಅನ್ನದಲ್ಲಿ ಗುಳಿ ಮಾಡಿ ಸಾರಿಗೆ ಜಾಗ ಮಾಡಿಕೊಂಡರು.

ಸೊಪ್ಪಿನವಳು ಬಾಯಿ ತೆಗೆದಳು, ನಾನು ಅವಳ ಸೆರಗು ಹಿಡಿದು ಎಳೆದೆ. ಗಂಡನ ಮರ್ಯಾದೆ ಉಳಿಸುವುದಕ್ಕಲ್ಲ. ಜಗಳಕ್ಕೆ ನಿಂತರೆ ಅಲ್ಲೇ ಬೀಳುತ್ತಿದ್ದೆ, ಅಷ್ಟು ನಿತ್ರಾಣ. ಹೊಟ್ಟೆಯಲ್ಲಿದ್ದದ್ದನ್ನು ಹೇಗಾದರೂ ಮನೆ ಸೇರಿಸಬೇಕಿತ್ತು. ಏರು ದಾರಿಯಲ್ಲಿ ಅವಳು ನನ್ನ ರಟ್ಟೆ ಹಿಡಿದುಕೊಂಡೇ ಬಂದಳು.

ಕೋಣೆಗೆ ಬಂದು ತಟ್ಟೆ ಹಾಕಿಕೊಂಡೆ. ಮುದ್ದೆ ಇನ್ನೂ ಬೆಚ್ಚಗಿತ್ತು. ಸೊಪ್ಪಿನವಳಿಗೂ ಒಂದು ಬಡಿಸಿದೆ, ಅವಳು ಹೊಸ್ತಿಲಲ್ಲಿ ಕೂತು ಉಂಡಳು. ಸಾರು ಸಪ್ಪೆಯೇನೂ ಇರಲಿಲ್ಲ, ಹುಳಿ ಖಾರ ಹದವಾಗಿಯೇ ಇತ್ತು. ನನ್ನದು ಮುಗಿಸಿದೆ, ಗಂಡನ ಪಾಲಿನದನ್ನೂ ಉಂಡೆ, ಪಾತ್ರೆ ಬಳಿದು ತೊಳೆದು ಬೋರಲು ಹಾಕಿದೆ. ಬೆಟ್ಟ ಹತ್ತಿದ ಮೇಲೆ ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಅವರು ದಿನದ ಹೊತ್ತಿಗೇ ಬಂದರು. ಕಾಲು ತೊಳೆದು ಮಣೆಯ ಮೇಲೆ ಕೂತು, ಏನೂ ಆಗದವರ ಹಾಗೆ, "ತಟ್ಟೆ ಇಡು" ಅಂದರು.

"ಎಲ್ಲಾ ಕಾಲಿ" ಎಂದೆ.

ಬೋರಲು ಬಿದ್ದ ಪಾತ್ರೆ ನೋಡಿದರು. ನನ್ನ ಮೇಲೆ ಒಂದು ತಪ್ಪು ಸಿಕ್ಕಿದ್ದೇ ಅವರಿಗೆ ದನಿ ಬಂತು.

"ಗಂಡ ಉಣ್ಣಾಕ್ ಮುಂಚೆ ಉಂಡ್ಯಾ? ನಿಮ್ಮಪ್ಪನ ಮನ್ಯಾಗೆ ಕಲ್ಸಿದ್ದು ಇದೇನಾ?"

"ಇಲ್ಲ. ನಮ್ಮೋರು ಉಣ್ಣಾದನ್ನ ಕಣ್ಣಾರೆ ನೋಡ್ಕಂಡು ಬಂದೇ ಉಂಡೆ" ಎಂದೆ. "ಅಯ್ಯರ್ ಓಟ್ಲಾಗೆ ಕಂಬದ್ ಪಕ್ಕ ಕೂತಿದ್ರು. ನಿಮ್ಗೆ ತೆರಿಯುಮಾ ಅವ್ರು?"

ಅವರು ಅಂಗಿ ಹಾಕಿಕೊಂಡು ಹೊರಗೆ ಹೋದರು. ಆಮೇಲೆ ಆ ಬೆಟ್ಟದಲ್ಲಿ ಇದ್ದಷ್ಟು ದಿನವೂ ಹಸಿವಾದಾಗ ಉಂಡೆ, ಅವರ ದಾರಿ ನೋಡಲಿಲ್ಲ. ಕಾರ್ತಿಕದಲ್ಲಿ ಸೇಲಂನಲ್ಲಿ ಮಗಳು ಹುಟ್ಟಿದಳು. ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಮಗುವೂ ಹಸಿದು ಅಳುತ್ತಿತ್ತು, ಇವರೂ ಮಣೆಯ ಮೇಲೆ ಕೂತಿದ್ದರು. ಅತ್ತೆ, "ಮೊದ್ಲು ಗಂಡುನ್ಗೆ ಬಡ್ಸು" ಅಂದರು. ನಾನು ಮಗಳಿಗೆ ಮೊಲೆ ಕೊಟ್ಟು ಅಲ್ಲೇ ಇವರ ಎದುರಿಗೆ ಕೂತೆ.