ಅಪ್ಪ ಹೇಳದ ಹೆಸರು

ಅಪ್ಪನಿಗೆ ಮಾತು ಹೋದ ಮೇಲೆ ನನಗೆ ಸಂಜೆಯ ಫೋನ್ ಬರುವುದು ನಿಂತಿತು.

ಅವನು ಶಹಾಪುರದಿಂದ ಸುರಪುರಕ್ಕೆ ಟಂಟಂ ಆಟೋ ಓಡಿಸುತ್ತಿದ್ದ. ಕೊನೆಯ ಟ್ರಿಪ್ ಮುಗಿಸಿ, ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ನನಗೆ ಫೋನ್ ಹಚ್ಚುತ್ತಿದ್ದ. "ಉಂಡೇನವ್ವಾ? ಬಾಗಿಲಾ ಹಾಕ್ಕೊಂಡಿಯೇನ?" ಅಷ್ಟೇ ಮಾತು. ನಾನು ಯಾದಗಿರಿಯಲ್ಲಿ ಕೋಣೆ ಹಿಡಿದು ಒಬ್ಬಳೇ ಇರುವವಳು. ದಿನಾ ಬಸ್ಸಿನಲ್ಲಿ ಕಡೇಚೂರಿನ ಒಂದು ಕಾರ್ಖಾನೆಗೆ ಹೋಗಿ, ಯಾವ ಡ್ರಮ್ಮು ಎಷ್ಟೊತ್ತಿಗೆ ತುಂಬಿತು ಎಂದು ಬರೆದಿಟ್ಟು ಬರುತ್ತೇನೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ನನಗೆ ದಿನ ಮುಗಿಯಿತು ಅನ್ನಿಸುತ್ತಿತ್ತು.

ಲಕ್ವಾ ಹೊಡೆದು ಅಪ್ಪನ ಬಲಗೈ ಸೋತಿತು. ಬಾಯಿಂದ ಒಂದೇ ಪದ ಬರುತ್ತಿತ್ತು: "ಸುರಪುರ." ನೀರು ಬೇಕೆಂದರೂ ಸುರಪುರ, ಫ್ಯಾನು ಹಾಕೆಂದರೂ ಸುರಪುರ. ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಕೂಗಿದ ಪದ ಅದೊಂದೇ ಉಳಿದಿತ್ತು. ನೋಡಲು ಬಂದವರು ಅವನಿಗೆ ಕಿವಿಯೂ ಹೋಗಿದೆ ಎಂದುಕೊಂಡು ಒದರುತ್ತಿದ್ದರು. ಸ್ಟ್ಯಾಂಡಿನ ಚಹಾದಂಗಡಿಯವನು ಮುಖದ ಹತ್ತಿರ ಬಾಗಿ, "ದೋಸ್ತಾ! ನಾ ಯಾರ ಹೇಳ!" ಎಂದು ಕೂಗಿದಾಗ ಅಪ್ಪ ಎಡಗೈಯಿಂದ ಕಿವಿ ಮುಚ್ಚಿಕೊಂಡು, "ಸುರಪುರ" ಅಂದ. "ಬರೊಬ್ಬರಿ ಹೇಳ್ಯಾನ, ನಮ್ಮ ಮಾವನ ಊರ ಅದ" ಎಂದು ಅವನು ನಕ್ಕ. ಅಪ್ಪನೂ ನಕ್ಕ. ಅವ್ವ ನಗಲಿಲ್ಲ.

ಶಹಾಪುರದ ಒಂದು ಸಣ್ಣ ಕ್ಲಿನಿಕ್ಕಿಗೆ ಹದಿನೈದು ದಿನಕ್ಕೊಮ್ಮೆ ವಾಕ್ ಚಿಕಿತ್ಸೆಯ ಮೇಡಂ ಬರುತ್ತಿದ್ದರು. ದಕ್ಷಿಣದ ಕಡೆಯವರು, ಮೆಲುಮಾತು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ ಎಂದು ನಮಗೆ ತಿಳಿಸಿದವರು ಅವರೇ. "ಬುದ್ಧಿ ಹೋಗಿಲ್ಲ, ಕಿವಿ ಹೋಗಿಲ್ಲ. ಗೊತ್ತಿರೋ ಪದ ಬಾಯಿಗೆ ಬರೋ ದಾರಿ ಕೆಟ್ಟಿದೆ. ಬೇರೆ ದಾರಿ ಹುಡುಕೋಣ" ಅಂದರು. ಒಂದೊಂದೇ ದಾರಿ ಕಲಿಸಿದರು. ವಾರದ ಹೆಸರುಗಳನ್ನು ಜೊತೆಯಾಗಿ ಹೇಳುವುದು; ಸೋಮವಾರ, ಮಂಗಳವಾರ ಅಂದರೆ ಬುಧವಾರ ತಾನಾಗಿ ಜಾರಿ ಬರುತ್ತಿತ್ತು. ಎಡಗೈಯಿಂದ ಮಂಚ ತಟ್ಟುತ್ತಾ ರಾಗವಾಗಿ ಕೇಳುವುದು. ಚಿತ್ರ ತೋರಿಸಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುವುದು, ಆಮೇಲಷ್ಟೇ ಪದದ ಮೊದಲ ಅಕ್ಷರ ಕೊಡುವುದು. ಸುಮ್ಮನಿರುವುದೇ ಕಷ್ಟ. ಅಪ್ಪ ತುಟಿ ತಿರುಚುತ್ತಾ ಹುಡುಕುತ್ತಿದ್ದರೆ ಆ ಪದ ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು.

ರವಿವಾರ ಮನೆಗೆ ಬಂದಾಗಲೆಲ್ಲ ಅಭ್ಯಾಸ ಮಾಡಿಸುವುದು ನನ್ನ ಪಾಲಿಗೆ ಬಂತು. ಡೈರಿಯಲ್ಲಿ ಮೂರು ಪಟ್ಟಿ ಹಾಕಿದೆ: ತಾನೇ ಹೇಳಿದ್ದು, ಅಕ್ಷರ ಕೊಟ್ಟ ಮೇಲೆ ಹೇಳಿದ್ದು, ಹೇಳದೇ ಇದ್ದದ್ದು. ತಿಂಗಳುಗಳು ಕಳೆದಂತೆ ಪದಗಳು ಮೂರನೆಯ ಪಟ್ಟಿಯಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಸರಿದವು. ನೀರು. ರೊಟ್ಟಿ. ಚಾವಿ. ನನ್ನ ಹೆಸರು ಬಂದ ದಿನ ಆ ಸಾಲಿನ ಕೆಳಗೆ ಗೆರೆ ಎಳೆದೆ.

ಒಂದು ಸಾಲು ಮಾತ್ರ ಅಲುಗಲಿಲ್ಲ. ಮೇಡಂ ನಮ್ಮ ಮನೆಯವರ ಫೋಟೋ ಕೇಳಿದ್ದರು. ಪ್ರತಿಯೊಂದರ ಹಿಂದೆ ಹೆಸರು ಬರೆದು ಕೊಟ್ಟಿದ್ದೆ. ಅವ್ವನ ಫೋಟೋ ಬಂತೆಂದರೆ ಅಪ್ಪ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದ. ಮೊದಲ ಅಕ್ಷರ ಕೊಟ್ಟರೂ ಇಲ್ಲ, ಎರಡನೆಯದು ಕೊಟ್ಟರೂ ಇಲ್ಲ. ಹೇಳಲಿಲ್ಲ ಎಂದು ಪ್ರತಿ ವಾರ ಬರೆದೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ನನ್ನ ಪೆನ್ನು ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಆಮೇಲಾಮೇಲೆ ತನ್ನ ಫೋಟೋದ ಸರದಿ ಬರುವ ಮೊದಲೇ ಎದ್ದು ಅಡುಗೆಮನೆಗೆ ಹೋಗತೊಡಗಿದಳು.

ಒಂದು ರವಿವಾರ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಕೇಳಿದಳು: "ಚಾವಿ ನೆನಪದ, ನೀ ನೆನಪದಿ. ನನ್ನ ಮರ್ತಾನೇನ ನಿಮ್ಮಪ್ಪ?"

"ಮರ್ತಿಲ್ಲಬೇ. ಬಾಯಿಗಿ ಬರವಲ್ದು, ಅಷ್ಟ."

"ಎಲ್ಲಾ ಬರ್ತಾವಲ್ಲ. ನನ್ನ ಫೋಟೋಕ್ಕೊಂದೇ ಯಾಕ ಬರವಲ್ದು?"

ಬಡಿದ ರೊಟ್ಟಿಯನ್ನೇ ಅವಳು ಮತ್ತೆ ಬಡಿದಳು. ಆ ಸಂಜೆ ಯಾದಗಿರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಒಂದೇ ಮನೆಯಲ್ಲಿ ಇಬ್ಬರು ಹೀಗೆ ಬೇರೆ ಬೇರೆ ಕೋಣೆಯಲ್ಲಿ ಕೂತಿರುವುದನ್ನು ನೆನೆದೆ. ನಾನು ಮೂರನೆಯ ಕೋಣೆಗೆ ಹೋಗುತ್ತಿದ್ದೆ.

ಅದಾದ ಎರಡನೆಯ ವಾರ ಹುಣಸಗಿಯಿಂದ ಅತ್ತಿ ಬಂದಳು, ಅಪ್ಪನ ಅಕ್ಕ. ನಾನು ಅಭ್ಯಾಸ ಮಾಡಿಸುವಾಗ ಎಲೆ ಅಡಿಕೆ ಹಾಕಿಕೊಂಡು ಎದುರಿಗೇ ಕೂತಳು. ಅವ್ವನ ಫೋಟೋ ಎತ್ತಿದೆ, ಹತ್ತು ಎಣಿಸಿದೆ, ಅಕ್ಷರ ಕೊಟ್ಟೆ. ಅಪ್ಪ ಒಮ್ಮೆ ಅತ್ತಿಯನ್ನು ನೋಡಿದವನು ತಲೆ ತಗ್ಗಿಸಿಬಿಟ್ಟ. ಕಿವಿ ಕೆಂಪಾಗಿತ್ತು.

"ಏನ್ ಕೇಳಾಕತ್ತೀ ಅವನ್ನ?" ಅಂದಳು ಅತ್ತಿ.

"ಅವ್ವನ ಹೆಸರ."

ಅತ್ತಿ ಬಾಯಲ್ಲಿದ್ದ ಎಲೆ ಉಗುಳಲು ಹೊರಗೆ ಓಡಿ, ಬಾಗಿಲಲ್ಲೇ ನಿಂತು ನಕ್ಕಳು. "ಹುಚ್ಚಿ! ಅವ ಯಾವಾಗ ಆಕಿ ಹೆಸರ ಹಿಡದ ಕರದಾನ? ಮದ್ವ್ಯಾಗ ಒಡಪಿನ ಪದಾ ಹಾಕಿ ಹೆಂಡ್ತಿ ಹೆಸರ ಹೇಳೋ ಅಂತ ಬಾಗಲ್ದಾಗ ಅಡ್ಡ ನಿಂತಿದ್ವಿ. ಕೊಳ್ಳಾಗಿನ ಹೂ ಬಾಡಿದ್ವು, ಇವ ಬಾಯಿ ಬಿಡವಲ್ಲ. ಕಡೀಕ ಒಮ್ಮೆ ಹೇಳಿದ, ಅದೂ ಗುಬ್ಬಿ ಮಾತಾಡಿದಂಗ. ಈಗ ಅಕ್ಕನ ಮುಂದ, ಮಗಳ ಮುಂದ ಹೇಳ್ತಾನೇನ?"

ಅಪ್ಪ ತಲೆ ತಗ್ಗಿಸಿಯೇ ಹೌದು ಹೌದು ಎಂದು ತಲೆಯಾಡಿಸಿದ.

ಅವನು ಅವ್ವನನ್ನು ಹೇಗೆ ಕರೆಯುತ್ತಿದ್ದ ಎಂದು ಯಾರೂ ನನಗೆ ಹೇಳಬೇಕಿರಲಿಲ್ಲ. "ಏ, ಕೇಳಿಲ್ಲಿ!" ಚಪ್ಪಲಿ ಸಿಗದಿದ್ದರೆ, ಚಹಾ ಬೇಕಾದರೆ, ಟಂಟಂ ನಿಲ್ಲಿಸಿ ಸಂತೆಯ ಚೀಲ ಇಳಿಸುವಾಗ, "ಏ, ಕೇಳಿಲ್ಲಿ!" ಹುಟ್ಟಿದಾಗಿನಿಂದ ಕೇಳಿದ್ದೆ. ಬೆಳಗಿನ ನಲ್ಲಿಯ ಸದ್ದಿನ ಹಾಗೆ ಮನೆಯಲ್ಲಿ ಇದ್ದದ್ದು. ಅದೊಂದು ಪದ ಎಂದು ಬರೆದುಕೊಳ್ಳುವ ಯೋಚನೆಯೇ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಸದ್ದು ನಿಂತಿತ್ತು. ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದವಳು ನನ್ನ ಕೈಯಿಂದ ಫೋಟೋ ತೆಗೆದುಕೊಂಡು, "ಹೆಸರ ಕೇಳಾಕತ್ತಿದ್ದಿ ಅಂತ ಮೊದಲ ಹೇಳಬಾರ್ದೇನ?" ಅಂದಳು. "ನನ್ನ ಗುರ್ತಾ ಮರ್ತಾನಂತ ತಿಳದಿದ್ದೆ."

ಮೇಡಂಗೆ ಇದನ್ನು ಹೇಳಿದೆ. "ನಮ್ಮ ತಂದೆಯೂ ಅಮ್ಮನ ಹೆಸರು ಹೇಳಲ್ಲ. ಆದರೂ ನನಗೆ ಹೊಳೀಲಿಲ್ಲ ನೋಡಿ" ಅಂದು, ಫೋಟೋ ಕೈಬಿಟ್ಟು ಹೊಸ ಪಾಠ ಕೊಟ್ಟರು. ಹೆಸರು ಹೇಳಿಸುವುದು ಬೇಡ, ಕರೆಯಿಸುವುದು. ಅವ್ವ ಕಣ್ಣಿಗೆ ಕಾಣದ ಕಡೆ ಇರಬೇಕು. ಅಪ್ಪ ಕರೆಯುವವರೆಗೆ ನೀರು ತಂದಿಡಬಾರದು. ದಿನಾ ಹತ್ತಿರ ಕೂತು, ಅವನ ಎಡಗೈ ಹಿಡಿದು ಮಂಚದ ಮೇಲೆ ತಟ್ಟುತ್ತಾ, "ಏ, ಕೇಳಿಲ್ಲಿ" ಎಂದು ಅದೇ ಎಳೆತದಲ್ಲಿ ಜೊತೆಗೂಡಿ ಹೇಳಬೇಕು.

ಜೊತೆಗೂಡಿ ಹೇಳುವುದಕ್ಕೆ ಅವ್ವನಿಗೆ ನಗು ಬರುತ್ತಿತ್ತು, ತನ್ನನ್ನು ತಾನೇ ಕರೆದುಕೊಂಡ ಹಾಗೆ. ನೀರಿನ ವಿಷಯ ಮಾತ್ರ ಅವಳಿಗೆ ಹಿಡಿಸಲಿಲ್ಲ. "ನೀರ ಕೊಡಾಕೂ ಸಾಲಿ ಪಾಠ ಏನ? ಅವನ ಕಣ್ಣ ನೋಡಿದ್ರ ನನಗ ತಿಳೀತದ." ಅದೇ ತೊಂದರೆಯಾಗಿತ್ತು. ಕೇಳುವ ಮೊದಲೇ ಎಲ್ಲವೂ ಸಿಗುವ ಮನೆಯಲ್ಲಿ ಅಪ್ಪನಿಗೆ ಮಾತು ಬೇಕಾಗುತ್ತಲೇ ಇರಲಿಲ್ಲ. ಮೊದಲ ದಿನ ಅಡುಗೆಮನೆಯಲ್ಲಿ ನೀರು ತುಂಬಿದ ಚರಗಿ ಹಿಡಿದು ನಿಂತವಳು ಅರ್ಧ ತಾಸೂ ತಡೆಯದೆ ಅಳುತ್ತಾ ಹೋಗಿ ಕುಡಿಸಿದಳಂತೆ. ಫೋನಿನಲ್ಲಿ ಹೇಳಿದಳು. ಮರುದಿನ ಮತ್ತೆ ನಿಂತಳು. ಅಪ್ಪ ಮಂಚ ತಟ್ಟಿದ, ಮಾತು ಬರಲಿಲ್ಲ. ನಾನು ಊರಿನಲ್ಲಿ ಇಲ್ಲದ ದಿನಗಳವು. ಬರೆದುಕೊಳ್ಳುವವರು ಯಾರೂ ಇರಲಿಲ್ಲ, ನಾನೂ ಕೇಳಲಿಲ್ಲ.

ಈಗ ಸಂಜೆ ಫೋನ್ ಮಾಡುವವಳು ನಾನು. ಅವ್ವ ಎತ್ತುತ್ತಾಳೆ, ಸ್ವಲ್ಪ ಮಾತಾಡಿ ಅಪ್ಪನ ಕಿವಿಗೆ ಹಿಡಿಯುತ್ತಾಳೆ. ಉಸಿರು ಕೇಳುತ್ತದೆ. "ಉಂಡೆ ಅಪ್ಪಾ. ಬಾಗಿಲಾ ಹಾಕ್ಕೊಂಡೀನಿ" ಎಂದು ಅವನು ಕೇಳದ ಪ್ರಶ್ನೆಗಳಿಗೆ ಉತ್ತರ ಹೇಳಿ ಇಡುತ್ತೇನೆ.

ಹೋದ ತಿಂಗಳ ಒಂದು ಸಂಜೆ ಅವ್ವ ಅಂಗಳದಲ್ಲಿ ನಿಂತು ನನ್ನ ಜೊತೆ ಮಾತಾಡುತ್ತಿದ್ದಳು. ಜ್ವಾಳದ ಹಿಟ್ಟಿನ ಗಿರಣಿಯಲ್ಲಿ ಬಹಳ ಮಂದಿ ಇದ್ದರೆಂದು ಏನೋ ಹೇಳುತ್ತಿದ್ದಳು. ಒಳಗಿನಿಂದ ತಟ್ಟುವ ಸದ್ದು ಬಂತು. ಆಮೇಲೆ ಒಡೆದ, ದಪ್ಪ ದನಿ:

"ಏ... ಕೇಳಿ... ಇಲ್ಲಿ."

ಅವ್ವನ ಮಾತು ಅಲ್ಲೇ ತುಂಡಾಯಿತು. "ಬಂದೆ!" ಎಂದವಳು ಫೋನನ್ನು ಕಟ್ಟೆಯ ಮೇಲೆ ಇಟ್ಟು ಓಡಿದಳು. ಕಲ್ಲಿಗೆ ಅದು ತಾಗಿದ ಸದ್ದು ಕೇಳಿಸಿತು. ಒಳಗೆ ಅವ್ವ ಏನೋ ಕೇಳುತ್ತಿದ್ದಳು, ಅಪ್ಪ ಮತ್ತೆ ಅದನ್ನೇ ಅಂದ, ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನನ್ನನ್ನು ಇಬ್ಬರೂ ಮರೆತಿದ್ದರು. ಬೈಕೊಂದು ಹಾದು ಹೋಯಿತು. ನಾನು ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ಕಿವಿಗೆ ಹಿಡಿದು, ಅದು ತಾನೇ ಕಟ್ಟಾಗುವವರೆಗೆ ಕೂತಿದ್ದೆ.