ನಾಲ್ಕು ಗ್ರಂಥಗಳಿಗೂ ಪಾಳಿ ಹಾಕಿದಾಕೆ

ಬೆಳಗಿನ ಐದೂಕಾಲು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಆಪರೇಷನ್ ಥಿಯೇಟರಿನ ಎದುರಿಗಿರುವ ಪ್ರಾರ್ಥನಾ ಕೋಣೆಯಲ್ಲಿ ಪಾಳಿಯಕ್ಕ ಮೊಣಕೈತನಕ ಕೈ ತೊಳೆದು ಗೋಡೆಯ ಹಲಗೆಯ ಮುಂದೆ ನಿಲ್ಲುತ್ತಾಳೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಬೌದ್ಧರ ಧರ್ಮಗ್ರಂಥಗಳು ಅಲ್ಲಿ ಸಾಲಾಗಿ ನಿಂತಿವೆ. ಎಡತುದಿಯಲ್ಲಿದ್ದ ಕ್ರೈಸ್ತರ ಗ್ರಂಥವನ್ನು ಎರಡೂ ಕೈಯಲ್ಲಿ ಎತ್ತಿ ಬಲತುದಿಗೆ ಇಡುತ್ತಾಳೆ. ಉಳಿದವನ್ನು ಒಂದೊಂದು ಗೇಣು ಸರಿಸುತ್ತಾಳೆ. "ಇವತ್ತು ಮೊದಲ ಪಾಳಿ ನಿಮ್ದು" ಎಂದು ಹಸಿರು ಬಟ್ಟೆ ಸುತ್ತಿದ ಮುಸ್ಲಿಮರ ಗ್ರಂಥಕ್ಕೆ ಹೇಳುತ್ತಾಳೆ, ಡ್ಯೂಟಿಗೆ ಬಂದ ನರ್ಸಿಗೆ ಹೇಳುವ ಧಾಟಿಯಲ್ಲೇ.

ಅಜ್ಜಿ ಹೇಳುವ ಕತೆಗಳಲ್ಲಿ ರಾಜಕುಮಾರಿಗೆ ಏಳು ಬೀಗದ ಏಳು ಕೋಣೆಗಳಿರುತ್ತವೆ. ಪಾಳಿಯಕ್ಕನಿಗೆ ಇರುವುದು ಒಂದೇ ಕೋಣೆ, ಅದಕ್ಕೂ ಬೀಗವಿಲ್ಲ. ಹತ್ತು ಕುರ್ಚಿ, ಹದಿನಾಲ್ಕು ಚಾಪೆ, ಬಾಗಿಲು ಮುಚ್ಚಬಹುದಾದ ಮೂರ್ತಿಯ ಗೂಡು. ದಿನಕ್ಕೆ ನೂರೈವತ್ತು ಜನ ಬಂದು ಹೋಗುತ್ತಾರೆ. ಹತ್ತೊಂಬತ್ತು ವರ್ಷ ಈ ಆಸ್ಪತ್ರೆಯ ನೆಲ ಒರೆಸಿ ಸವೆದ ಮೊಣಕಾಲು ಅವಳದು.

"ಎಲ್ಲಾ ಧರ್ಮ ಒಂದೇ ಅಂತ ಸಾಹೇಬ್ರು ಭಾಷಣ ಮಾಡ್ತಾರೆ. ಒಂದೇ ಆಗಿದ್ರೆ ನಂಗ್ಯಾಕೆ ಇಷ್ಟು ಕೆಲಸ?" ಎಂದು ನಗುತ್ತಾಳೆ. "ಮೂರ್ತಿ ಬೇಕೇ ಬೇಕು ಅನ್ನೋರು, ಕೂಡದೇ ಕೂಡದು ಅನ್ನೋರು. ಕೆಲವ್ರು ತಲೆ ಮುಚ್ಕೊಂಡು ಬರ್ತಾರೆ, ಕೆಲವ್ರು ಟೋಪಿ ತೆಗೆದು ಬರ್ತಾರೆ. ಇಬ್ರೂ ಕೊಡ್ತಿರೋದು ಮರ್ಯಾದೇನೇ ಅಲ್ವಾ? ಹೊರಗೆ ಬಂದ್ಮೇಲೆ ಎಲ್ರೂ ಕೇಳೋದೂ ಒಂದೇ: ಅಕ್ಕಾ, ಆಪರೇಷನ್ ಮುಗೀತಾ?"

ನಾಲ್ಕು ವರ್ಷದ ಹಿಂದೆ ಈ ಕೋಣೆಯನ್ನು ಮುಚ್ಚಿಸುವಂಥ ತಪ್ಪು ಮಾಡಿದವಳೂ ಅವಳೇ. ವಾರ್ಡಿನಲ್ಲಿ ಹಾಸಿಗೆ ಬಟ್ಟೆ ಅಟ್ಟಿ ಹಾಕಿದ ಕೈ. ಧೂಳು ಒರೆಸಿ ಗ್ರಂಥಗಳನ್ನೂ ಹಾಗೇ ಒಂದರ ಮೇಲೊಂದು ಪೇರಿಸಿದಳು. ಮಗನನ್ನು ಆಪರೇಷನ್ನಿಗೆ ಕಳಿಸಿ ಬಂದ ಅಜ್ಜರೊಬ್ಬರು ತಮ್ಮ ಗ್ರಂಥ ಅಡಿಯಲ್ಲಿರುವುದನ್ನು ಕಂಡು ಕೆಂಡವಾದರು. ಅದನ್ನು ಮೇಲಿಟ್ಟಳು. ಈಗ ಅಡಿಗೆ ಹೋದ ಗ್ರಂಥದವರು, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದ ಮೇಷ್ಟ್ರು, ಎಗರಾಡಿದರು. ಗಲಾಟೆ ಕೇಳಿ ಬಂದ ಆಡಳಿತಾಧಿಕಾರಿ, "ಬೀಗ ಹಾಕಿ. ಹಳೇ ಫೈಲಾದ್ರೂ ಇಡಬಹುದು" ಎಂದುಬಿಟ್ಟರು.

ಪಾಳಿಯಕ್ಕನ ಕಣ್ಣು ಹೊರಗಿನ ಮೆಟ್ಟಿಲ ಕಡೆ ಹೋಯಿತು. ಇಪ್ಪತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವಳ ಗಂಡ ಕೊನೆಯುಸಿರು ಎಳೆಯುತ್ತಿದ್ದಾಗ ಇಂಥ ಕೋಣೆ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ದೇವರನ್ನು ಬೇಡುತ್ತಿದ್ದವಳಿಗೆ "ದಾರಿ ಬಿಡಮ್ಮಾ" ಎಂದವರೇ ಎಲ್ಲ. "ಸಾರ್, ಒಂದೇ ಒಂದು ವಾರ ಕೊಡಿ" ಎಂದು ಕೈಮುಗಿದಳು.

ಬಡಗಿಯಿಂದ ಒಂದೇ ಉದ್ದನೆಯ ಹಲಗೆ ಹೊಡೆಸಿದಳು. ಯಾವುದೂ ಮೇಲಿಲ್ಲ, ಯಾವುದೂ ಕೆಳಗಿಲ್ಲ. ಮರುದಿನವೇ ಅಜ್ಜ, "ಬೇರೆಯವರದ್ದು ಯಾಕೆ ಮೊದಲು?" ಎಂದರು. ಪಾಳಿಯಕ್ಕ ಅವರನ್ನೂ ಮೇಷ್ಟ್ರನ್ನೂ ನರ್ಸುಗಳ ಡ್ಯೂಟಿ ಬೋರ್ಡಿನ ಎದುರು ನಿಲ್ಲಿಸಿದಳು. "ನೋಡಿ ಅಜ್ಜಾ, ಇಲ್ಲಿ ದೊಡ್ಡ ಡಾಕ್ಟರಿಗೂ ಪಾಳಿ. ನಾಳೆ ನಿಮ್ದು, ನಾಡಿದ್ದು ಮೇಷ್ಟ್ರದ್ದು. ರಜೆ ಮಾತ್ರ ಯಾರಿಗೂ ಇಲ್ಲ!"

ಮೊದಲು ನಕ್ಕದ್ದು ಅಜ್ಜ. "ಮೇಷ್ಟ್ರೇ, ಇವಳ ಹತ್ರ ನಮ್ಮ ಆಟ ನಡೆಯಲ್ಲ." ತಮ್ಮ ಗ್ರಂಥವನ್ನು ಕೈ ತೊಳೆದು, ಬಟ್ಟೆ ಸಮೇತ ಎತ್ತಬೇಕೆಂದು ಕಲಿಸಿದವರೂ ಅವರೇ. ಏಳನೇ ದಿನ ಬೀಗ ಹಿಡಿದು ಬಂದ ಅಧಿಕಾರಿಗೆ ಕಂಡದ್ದು ಚಾಪೆಯ ಮೇಲೆ ಬಾಗಿದ ಅಜ್ಜ, ಎರಡು ಮಾರು ಆಚೆ ಕುರ್ಚಿಯಲ್ಲಿ ಕಣ್ಮುಚ್ಚಿದ ಮೇಷ್ಟ್ರು. ಸದ್ದಾಗದಂತೆ ಬೀಗವನ್ನು ಜೇಬಿಗಿಳಿಸಿದರು. ಆವತ್ತೇ ನರ್ಸುಗಳು ಅವಳಿಗೆ ಪಾಳಿಯಕ್ಕ ಎಂದು ಹೆಸರಿಟ್ಟರು. ಈಚೆಗೆ ಬೇರೆ ಮೂರು ಆಸ್ಪತ್ರೆಯವರು ಬಂದು ಹಲಗೆಯ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಬಿಸಿಲೇರುತ್ತದೆ. ಕೋಣೆ ತುಂಬುತ್ತದೆ. ಪಾಳಿಯಕ್ಕ ಬಕೆಟ್ ಹಿಡಿದು ಮೆಟ್ಟಿಲಿಗೆ ಬರುತ್ತಾಳೆ, ಮೇಲಿಂದ ಕೆಳತನಕ ಒಮ್ಮೆ ಕಣ್ಣು ಹಾಯಿಸುತ್ತಾಳೆ.

"ನೋಡಿ, ಖಾಲಿ" ಎನ್ನುತ್ತಾಳೆ. "ಇಲ್ಲಿ ಕೂತು ದೇವ್ರನ್ನ ಕರೆಯೋರು ಈಗ ಒಬ್ರೂ ಇಲ್ಲ."