ಚಿಯು ಮೇಷ್ಟ್ರ ಎರಡು ತಂತಿ

ಶಾಂಘೈನ ನಮ್ಮ ಹೊಸ ಸಂಗೀತ ನಾಟಕದಲ್ಲಿ ಯುರೋಪಿನ ಮೂವತ್ತು ಪಿಟೀಲುಗಳ ನಡುವೆ ಎರಡೇ ತಂತಿಯ ಚೀನೀ ವಾದ್ಯ ಹಿಡಿದು ಕೂರುವವರು ಚಿಯು ಮೇಷ್ಟ್ರು. ಬೆಳಗಿನ ತಾಲೀಮಿಗೆ ಬಂದವರೇ ನಿಟ್ಟುಸಿರು ಬಿಟ್ಟು, ಸ್ವರಲಿಪಿಯ ಹಾಳೆಯನ್ನು ಚಹಾದ ಫ್ಲಾಸ್ಕಿನ ಅಡಿಗೆ ಹಾಸುತ್ತಾರೆ. ವಾದ್ಯವೃಂದದ ನಿರ್ದೇಶಕ ತನ್ನ ಕೋಲು ತೋರಿಸಿ ಗದರಿದರೆ, ಪಕ್ಕದಲ್ಲಿ ಪಿಟೀಲು ನುಡಿಸುವ ನನ್ನತ್ತ ಬಾಗಿ, “ಕೋಲಿಗೇನು ಉಸಿರಿದೆಯಾ? ನಾನು ಹಾಡೋಳ ಗಂಟಲು ನೋಡ್ತೀನಮ್ಮ” ಎಂದು ಗೊಣಗುತ್ತಾರೆ. ಶುದ್ಧ ಹಟಮಾರಿ ಎಂದೇ ನಾವೆಲ್ಲ ತಿಳಿದಿದ್ದೆವು. ಮೊನ್ನೆ ಗಾಯಕಿ ಪರದೆಯ ಹಿಂದೆ ನಿಂತು ಹಾಡಲು ತೊಡಗಿದಾಗ ಮೇಷ್ಟ್ರ ಕಮಾನು ಏಳಲೇ ಇಲ್ಲ. ಬಿಡುವಿನಲ್ಲಿ ನನ್ನ ತುಟಿಗಳನ್ನೇ ನೋಡುತ್ತ, “ನಲವತ್ತು ವರ್ಷ ಹಳೇ ನಾಟಕ ಕಂಪನೀಲಿ ಜಾಗಟೆ ಪಕ್ಕ ಕೂತೆ. ಕಿವಿ ಹೋಯ್ತು. ಸ್ವರ ಕೈಗೆ ಗೊತ್ತು. ಯಾರಿಗೂ ಹೇಳ್ಬೇಡ” ಎಂದರು. ಈಗ ಪರದೆಯ ಹಿಂದಿನ ಆ ಹಾಡು ಶುರುವಾದಾಗ ನಾನು ಮೆಲ್ಲಗೆ ಅವರ ಪಾದ ತುಳಿಯುತ್ತೇನೆ.